ಪಟ್ಟಿಯಲ್ಲಿ ನಾಲ್ಕು ಆಡು

ಊರಿನ ಎಲ್ಲರ ಮನೆಯ ಜಾನುವಾರು ಲೆಕ್ಕ ಬರೆದು ಮುಗಿಸಿ, ಕೊನೆಗೆ ತನ್ನ ಮನೆಯ ಲೆಕ್ಕಕ್ಕೆ ನಿಖಿತಾ ಕೈ ಹಾಕಿದ್ದು ಜನವರಿಯ ಒಂದು ಭಾನುವಾರ ಮಧ್ಯಾಹ್ನ. ಮಾವ ಭೋಜ ಮತ್ತು ಗಂಡ ಪ್ರಖ್ಯಾತ್ ಊಟಕ್ಕೆ ಕೂತಿದ್ದರು. ಅತ್ತೆ ಕುಶಲಾ ಬನ್ನಂಜೆಯಲ್ಲಿರುವ ತಂಗಿಯ ಮನೆಗೆ ಹೋಗಿದ್ದರು. ಬಡಿಸುವುದು, ಆಡುಗಳಿಗೆ ಸೊಪ್ಪು ಹಾಕುವುದು, ಎರಡೂ ಅವತ್ತು ನಿಖಿತಾಳ ಪಾಲಿಗೆ ಬಂದಿತ್ತು. ಕುಚ್ಚಲಕ್ಕಿ ಅನ್ನ, ಬೂತಾಯಿ ಮೀನಿನ ಸಾರು ಬಡಿಸಿ, ತಾನು ಬಾಗಿಲ ಹತ್ತಿರ ಕೂತು ಮೊಬೈಲ್ ತೆರೆದಳು.

ನಿಖಿತಾ ಕಾಪುವಿನ ಹುಡುಗಿ. ಮೀನಿನ ಊರಿನಿಂದ ಕುಕ್ಕುಂದೂರಿಗೆ ಮದುವೆಯಾಗಿ ಬಂದಾಗ ಆಡು ಸೊಪ್ಪು ತಿನ್ನುತ್ತದೆ ಎಂಬುದರ ಆಚೆಗೆ ಅವಳಿಗೆ ಏನೂ ಗೊತ್ತಿರಲಿಲ್ಲ. ಉಳಿದದ್ದನ್ನೆಲ್ಲ ಕಲಿಸಿದ್ದು ಅತ್ತೆ. ಹೊಟ್ಟೆ ಉಬ್ಬರಿಸಿದರೆ ಎಂತ ಕುಡಿಸಬೇಕು, ಹೆರಿಗೆ ಕಷ್ಟವಾದರೆ ಕೈ ಹೇಗೆ ಇಡಬೇಕು, ಹಲಸಿನ ಸೊಪ್ಪು ಎಷ್ಟು ಕೊಟ್ಟರೆ ಹಾಲು ಹೆಚ್ಚುತ್ತದೆ, ಎಲ್ಲ. ಮೂರು ವರ್ಷದಲ್ಲಿ ಅವಳು ಎಷ್ಟು ಪಳಗಿದಳೆಂದರೆ ಪಶು ಆಸ್ಪತ್ರೆಯವರೇ ಅವಳನ್ನು ಊರಿನ ಜಾನುವಾರು ನೋಡಿಕೊಳ್ಳುವ ಪಶುಸಖಿ ಮಾಡಿಕೊಂಡರು. ಈ ಸಲ ಜಾನುವಾರು ಗಣತಿ ಬಂದಾಗ ಮನೆಮನೆಗೆ ಹೋಗಿ ಮೊಬೈಲಿನಲ್ಲಿ ಲೆಕ್ಕ ತುಂಬುವ ಕೆಲಸವೂ ಅವಳಿಗೇ ಬಂತು. ತರಬೇತಿಯ ದಿನ ಆಸ್ಪತ್ರೆಯ ಪರೀಕ್ಷಕ ಉಮಾನಾಥ ಹೇಳಿದ್ದ ಮಾತು ಅವಳಿಗೆ ಬಾಯಿಪಾಠವಾಗಿತ್ತು. "ಲಸಿಕೆ ಎಷ್ಟು ಬರಬೇಕು, ಔಷಧ ಎಷ್ಟು ಬರಬೇಕು ಅಂತ ಮೇಲಿನವರು ನಮ್ಮ ಮುಖ ನೋಡಿ ಕೊಡುವುದಿಲ್ಲ. ಈ ಪಟ್ಟಿ ನೋಡಿ ಕೊಡುತ್ತಾರೆ. ಕೋಳಿಮರಿಯನ್ನೂ ಬಿಡಬೇಡಿ."

"ಆಡು ಎಷ್ಟು ಅಂತ ಹಾಕಿದೆ?" ಮಾವ ಕೇಳಿದರು.

"ಇಪ್ಪತ್ತೇಳು ಮಾಮ. ದೊಡ್ಡದು ಇಪ್ಪತ್ತೆರಡು, ಮರಿ ಐದು."

"ನಾಲ್ಕು ಅಂತ ಹಾಕು."

ನಿಖಿತಾ ತಲೆ ಎತ್ತಿದಳು. ಮಾವ ಮೀನಿನ ಮುಳ್ಳು ತೆಗೆಯುತ್ತಿದ್ದರು. ಮುಖದಲ್ಲಿ ತಮಾಷೆ ಇರಲಿಲ್ಲ.

"ನಾಲ್ಕು ಹೇಗೆ ಹಾಕುವುದು? ಹಟ್ಟಿ ತುಂಬ ಆಡು ಉಂಟಲ್ಲ."

"ಪಂಚಾಯತಿಗೆ ನಾನು ಬರೆದು ಕೊಟ್ಟದ್ದು ಎಷ್ಟು ಅಂತ ಗೊತ್ತುಂಟಾ ನಿನಗೆ?"

ಆಗ ಅವಳಿಗೆ ವಿಷಯ ಹೊಳೆಯಿತು. ಮನೆಯ ಹಿಂದಿನ ಜಾಗದಲ್ಲಿ ಎರಡು ವರ್ಷದಿಂದ ಹೊಸ ಮನೆಗಳು ಎದ್ದಿದ್ದವು. ಆಡಿನ ವಾಸನೆ, ನೊಣ, ಹಟ್ಟಿ ಬಾವಿಗೆ ಹತ್ತಿರ ಎಂದು ಆ ಮನೆಗಳವರು ಪಂಚಾಯತಿಗೆ ದೂರು ಕೊಟ್ಟಿದ್ದರು. ನೋಟಿಸು ಬಂದಾಗ ಮಾವ ಯಾರನ್ನೂ ಕೇಳದೆ ಉತ್ತರ ಬರೆದಿದ್ದರು: ಮನೆಬಳಕೆಗೆ ನಾಲ್ಕು ಆಡು ಮಾತ್ರ ಸಾಕಿದ್ದೇವೆ.

"ಗಣತಿಯ ಪಟ್ಟಿ ಪಂಚಾಯತಿಗೆ ಹೋಗುವುದಿಲ್ಲ ಮಾಮ. ಇದು ಬೇರೆ ಇಲಾಖೆ."

"ಒಂದು ಕಡೆ ಹೋದದ್ದು ಎಲ್ಲಾ ಕಡೆ ಹೋಗುತ್ತದೆ. ನಾಳೆ ಆ ಮನೆಯವರು ಅದನ್ನೇ ತೆಗೆದು ತೋರಿಸಿ, ಭೋಜ ಸುಳ್ಳು ಬರೆದುಕೊಟ್ಟಿದ್ದಾನೆ ಅಂದರೆ? ನಾನು ಮಸ್ಕತ್ತಿನಲ್ಲಿ ಇಪ್ಪತ್ತೆರಡು ವರ್ಷ ಟ್ರೇಲರ್ ಓಡಿಸಿದವನು. ಒಂದು ಕಾಗದದಲ್ಲಿ ಹೆಚ್ಚುಕಮ್ಮಿ ಆದದ್ದಿಲ್ಲ."

ನಿಖಿತಾ ಗಂಡನ ಮುಖ ನೋಡಿದಳು. ಪ್ರಖ್ಯಾತ್ ಮಣಿಪಾಲದ ಒಂದು ಹಾಸ್ಟೆಲ್ ಮೆಸ್ಸಿನಲ್ಲಿ ಉಗ್ರಾಣ ನೋಡಿಕೊಳ್ಳುತ್ತಿದ್ದ. ವಾರಕ್ಕೊಂದು ರಜೆ. ಆ ರಜೆಯ ಊಟದಲ್ಲಿ ಜಗಳ ಅವನಿಗೆ ಬೇಡವಾಗಿತ್ತು.

"ಅಪ್ಪ ಹೇಳಿದ ಹಾಗೆ ಹಾಕು ಮಾರಾಯ್ತಿ. ಒಂದು ಮನೆಯ ಲೆಕ್ಕ ತಪ್ಪಿದರೆ ಸರ್ಕಾರಕ್ಕೆ ಎಂತ ಆಗುತ್ತದೆ?"

"ಮಾಮಿ ಬರಲಿ. ಅವರ ಆಡು."

"ಅವಳ ಆಡು, ನನ್ನ ಜಾಗ," ಎಂದರು ಮಾವ. "ಹಾಕು."

ಇಬ್ಬರೂ ಊಟ ನಿಲ್ಲಿಸಿ ಅವಳನ್ನೇ ನೋಡುತ್ತಿದ್ದರು. ನಿಖಿತಾ ಇಪ್ಪತ್ತೇಳನ್ನು ಅಳಿಸಿ ನಾಲ್ಕು ಒತ್ತಿದಳು. ಪಟ್ಟಿ ಇಲಾಖೆಗೆ ಹೋಯಿತು. ಸಂಜೆ ಅತ್ತೆ ಬಂದು ನೇರ ಹಟ್ಟಿಗೆ ಹೋಗಿ, "ಸೊಪ್ಪು ಸರಿ ಹಾಕಿದ್ದೀ, ಎಲ್ಲ ಹೊಟ್ಟೆ ತುಂಬಿದೆ," ಎಂದು ಹೊಗಳಿದರು. ಅವಳು ಅವರಿಗೆ ಕಾಲು ತೊಳೆಯಲು ನೀರು ತಂದಿಟ್ಟಳು.

ಅತ್ತೆ ಈ ಆಡುಗಳನ್ನು ಕಟ್ಟಿಕೊಂಡದ್ದು ಮಾವ ಮಸ್ಕತ್ತಿನಲ್ಲಿದ್ದಾಗ. ಎರಡರಿಂದ ಶುರು ಮಾಡಿದ್ದು. ಬೆಳಿಗ್ಗೆ ಗಂಜಿ ಕುಡಿದು ಕತ್ತಿ, ಹಗ್ಗ ಹಿಡಿದು ಗುಡ್ಡದ ಮೇಲಿನ ಹುಲ್ಲುಬಯಲಾದ ಪದವಿಗೆ ಆಡುಗಳನ್ನು ಹೊಡೆದುಕೊಂಡು ಹೋದರೆ, ಕೆಂಪು ಮುರಕಲ್ಲಿನ ನೆಲ ಬಿಸಿಲಿಗೆ ಕಾಯುವ ಹೊತ್ತಿಗೆ ವಾಪಸು. ಪ್ರತಿಯೊಂದಕ್ಕೂ ಹೆಸರಿತ್ತು. ಪ್ರಖ್ಯಾತನ ಓದು ನಡೆದದ್ದು ಅಪ್ಪನ ಹಣದಲ್ಲಿ ಎಂದು ಎಲ್ಲರೂ ಹೇಳುತ್ತಿದ್ದರು. ಮಸ್ಕತ್ತಿನ ಕಂಪೆನಿ ಸಂಬಳ ಕೊಡದೆ ಕೂತ ಹದಿನಾಲ್ಕು ತಿಂಗಳು ಫೀಸು ಕಟ್ಟಿದ್ದು ಆಡಿನ ಹಣದಲ್ಲಿ ಎಂದು ಅತ್ತೆಗೆ ಗೊತ್ತಿತ್ತು, ಆದರೆ ಅವರು ಅದನ್ನು ಆಡಿ ತೋರಿಸುವವರಲ್ಲ. ಮಾವ ಊರಿಗೆ ಬಂದು ನೆಲೆಸಿದ ಮೇಲೆ ಮಾತ್ರ, ಅಂಗಳದಲ್ಲಿ ಹಿಕ್ಕೆ ಕಂಡಾಗಲೆಲ್ಲ, ಇವನ್ನು ಕಮ್ಮಿ ಮಾಡು ಎಂಬ ಮಾತು ದಿನಕ್ಕೊಮ್ಮೆ ಬರುತ್ತಿತ್ತು.

ಐದು ವಾರ ಕಳೆದ ಮೇಲೆ ಅಂಗನವಾಡಿಯ ಎದುರಿನ ಮೈದಾನದಲ್ಲಿ ಪಿಪಿಆರ್ ಲಸಿಕೆಯ ಶಿಬಿರ ಇಟ್ಟರು. ಅದು ಆಡಿನ ಪ್ಲೇಗಿಗೆ ಹಾಕುವ ಚುಚ್ಚುಮದ್ದು. ಆ ರೋಗ ಬಂದರೆ ಹಟ್ಟಿಗೆ ಹಟ್ಟಿಯೇ ಖಾಲಿ. ಉಮಾನಾಥ ಐಸ್ ಪೆಟ್ಟಿಗೆಯಲ್ಲಿ ಐವತ್ತು ಡೋಸಿನ ಒಂದು ಬಾಟಲಿ ತಂದಿದ್ದರು. "ನಿನ್ನ ಪಟ್ಟಿಯಲ್ಲಿ ನಲವತ್ತೊಂದು. ಒಂಬತ್ತು ಹೆಚ್ಚೇ ಉಂಟು," ಎಂದು ಹೇಳಿ, ಲಸಿಕೆಯಾದ ಆಡಿನ ಕಿವಿಗೆ ಗುರುತಿನ ಓಲೆ ಹಾಕುವ ಕೆಲಸವನ್ನು ಅವಳಿಗೆ ಕೊಟ್ಟು, ಸೂಜಿ ಹಿಡಿದು ಕೂತರು.

ಎಲ್ಲರಿಗಿಂತ ಮೊದಲು ಬಂದದ್ದು ಅತ್ತೆ. ಎಳೆಯ ಮರಿಗಳಿಗೆ ಹಾಕುವುದಿಲ್ಲವಾದ್ದರಿಂದ ಅವನ್ನು ಮನೆಯಲ್ಲಿ ಬಿಟ್ಟು, ಇಪ್ಪತ್ತೆರಡನ್ನು ಹೊಡೆದುಕೊಂಡು ಬಂದಿದ್ದರು. ಒಂದೊಂದನ್ನೇ ಮೊಣಕಾಲ ಸಂದಿಯಲ್ಲಿ ಒತ್ತಿ ಹಿಡಿದು ಹೆಸರು ಹೇಳಿ ಸಮಾಧಾನ ಮಾಡುತ್ತಿದ್ದರು. ನಿಖಿತಾ ಓಲೆ ಹಾಕುತ್ತಾ ಮನಸ್ಸಿನಲ್ಲೇ ಕಳೆಯುತ್ತಿದ್ದಳು. ಐವತ್ತರಲ್ಲಿ ಇಪ್ಪತ್ತೆರಡು ಹೋದರೆ ಇಪ್ಪತ್ತೆಂಟು. ಆಮೇಲೆ ಬಂದ ಐದು ಮನೆಗಳ ಆಡುಗಳು ಸೇರಿ ಸರಿಯಾಗಿ ಇಪ್ಪತ್ತೆಂಟು.

ಶಿಬಿರ ಹತ್ತು ಗಂಟೆಯವರೆಗೆ ಎಂದಿದ್ದರು; ಹತ್ತೂಕಾಲಿಗೆ ಡೈನಾ ಬಾಯಿ ಬಂದರು. ಗೇರುಬೀಜದ ಫ್ಯಾಕ್ಟರಿಯಲ್ಲಿ ಸಿಪ್ಪೆ ತೆಗೆಯುವ ಕೆಲಸ. ಗಂಡ ತೀರಿಹೋಗಿ ಎಂಟು ವರ್ಷ. ಮಗಳು ನರ್ಸಿಂಗ್ ಓದುತ್ತಿದ್ದಳು, ಒಂಬತ್ತು ಆಡುಗಳು ಆ ಓದಿನ ಬೆನ್ನಿಗಿದ್ದವು. ಅರ್ಧ ದಿನದ ರಜೆ ಕೇಳಿ, ಆಡುಗಳನ್ನು ಒಂದೇ ಹಗ್ಗದಲ್ಲಿ ಎಳೆದುಕೊಂಡು, ಬೆವರು ಒರೆಸುತ್ತಾ ಬಂದಿದ್ದರು.

ಉಮಾನಾಥ ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡಿದರು. "ಮುಗಿಯಿತಲ್ಲ. ನಿಖಿತಾ, ಐವತ್ತು ಡೋಸು ಹೇಗೆ ಮುಗಿಯಿತು? ಪಟ್ಟಿ ಪ್ರಕಾರ ಇವರದ್ದೂ ಸೇರಿ ನಲವತ್ತೊಂದೇ ಅಲ್ವಾ?"

"ಕೆಲವರು ಹೊಸತಾಗಿ ತಂದಿದ್ದಾರೆ ಸರ್," ಎಂದಳು ನಿಖಿತಾ. ಮಾತು ತನ್ನಷ್ಟಕ್ಕೆ ಬಾಯಿಂದ ಹೊರಗೆ ಬಿತ್ತು.

ಉಳಿದವರ ಆಡುಗಳನ್ನು ಹಿಡಿಯಲು ನೆರವಾಗಿ, ಈಗ ತನ್ನವನ್ನು ಮನೆಗೆ ತಿರುಗಿಸುತ್ತಿದ್ದ ಅತ್ತೆ ಅಲ್ಲೇ ನಿಂತರು.

"ಆಯ್ತು, ಇನ್ನೊಂದು ಬಾಟಲಿ ಕೇಳುತ್ತೇನೆ," ಎಂದರು ಉಮಾನಾಥ. "ಡೈನಾ ಬಾಯಿ, ನಿಮ್ಮದಕ್ಕೆ ಮನೆಗೇ ಬಂದು ಹಾಕುವಾ."

"ಪರವಾಗಿಲ್ಲ ಸರ್," ಎಂದು ಡೈನಾ ಬಾಯಿ ಒಂಬತ್ತನ್ನೂ ತಿರುಗಿಸಿಕೊಂಡು ಹೊರಟರು. "ಅರ್ಧ ದಿನ ಹೋಯಿತು, ಅಷ್ಟೇ."

ದಾರಿಯಲ್ಲಿ ಅತ್ತೆ ಆಡುಗಳನ್ನು ಹೊಡೆದುಕೊಂಡು ಮುಂದೆ ನಡೆದರು. ಮನೆಯ ತಿರುವು ಬಂದಾಗ ಕೇಳಿದರು.

"ಯಾರು ಹೊಸತು ತಂದದ್ದು?"

ನಿಖಿತಾ ಹಿಂದೆ ಬಿದ್ದ ಒಂದು ಆಡನ್ನು ಮುಂದಕ್ಕೆ ತಳ್ಳಿದಳು.

"ಈ ಊರಿನ ಆಡುಗಳೆಲ್ಲ ನನಗೆ ಗೊತ್ತಿಲ್ಲವಾ? ಯಾರೂ ತಂದಿಲ್ಲ. ನಮ್ಮದನ್ನು ಎಷ್ಟು ಬರೆದಿದ್ದೀ?"

"ನಾಲ್ಕು, ಮಾಮಿ. ಮಾಮ ಹೇಳಿದರು."

ಅತ್ತೆ ಬೈಯಲಿಲ್ಲ. ಕತ್ತಿಯನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಿಸಿ, ಮುಂದೆ ನಡೆದರು. ಅವರು ಬೈದಿದ್ದರೆ ಒಳ್ಳೆಯದಿತ್ತು ಎಂದು ನಿಖಿತಾಳಿಗೆ ಅನಿಸಿತು.

ಜಗಳ ಆದದ್ದು ಊಟಕ್ಕೆ ಕೂತ ಮೇಲೆ. ಬಸಳೆ ಪದಾರ್ಥದ ಪಾತ್ರೆಯನ್ನು ಮಾವನ ಎದುರು ಕುಕ್ಕಿ ಅತ್ತೆ ಕೇಳಿದರು. "ನಾನು ಬನ್ನಂಜೆಗೆ ಹೋದ ಒಂದು ದಿನದಲ್ಲಿ ನನ್ನ ಇಪ್ಪತ್ತಮೂರು ಆಡು ಎಲ್ಲಿ ಹೋಯಿತು?"

"ಎಲ್ಲಿಗೂ ಹೋಗಲಿಲ್ಲ. ಹಟ್ಟಿಯಲ್ಲಿ ಉಂಟು. ಚುಚ್ಚುಮದ್ದೂ ಆಯಿತಲ್ಲ? ಮತ್ತೆ ನಷ್ಟ ಎಂತ?"

"ಡೈನಾ ಬಾಯಿಯದಕ್ಕೆ ಆಗಲಿಲ್ಲ."

"ಅದು ಅವಳು ತಡ ಮಾಡಿ ಬಂದದ್ದಕ್ಕೆ."

"ಅವಳು ತಡ ಮಾಡಿದ್ದು ಕಾಲು ಗಂಟೆ. ನೀವು ಒಂಬತ್ತು ಡೋಸು ಕದ್ದಿರಿ."

"ಕದ್ದೆ ಅಂತ ಹೇಳಬೇಡ," ಎಂದು ಮಾವ ಕೈ ತೊಳೆದುಕೊಂಡು ಎದ್ದರು. ತಟ್ಟೆಯಲ್ಲಿ ಅನ್ನ ಅರ್ಧ ಹಾಗೇ ಉಳಿದಿತ್ತು.

ನಾಲ್ಕು ದಿನದ ಮೇಲೆ ಉಮಾನಾಥ ಫೋನ್ ಮಾಡಿದರು. ಮೇಲಿನ ಆಫೀಸಿನವರು ಇನ್ನೊಂದು ಬಾಟಲಿಗೆ ಒಪ್ಪುತ್ತಿಲ್ಲ. ನಲವತ್ತೊಂದು ಆಡಿಗೆ ಐವತ್ತು ಡೋಸು ಕೊಟ್ಟಾಗಿದೆ, ಮತ್ತೆ ಯಾಕೆ ಎಂದು ಕೇಳುತ್ತಿದ್ದಾರೆ. "ಹೊಸತು ತಂದವರು ಯಾರು ಅಂತ ಹೆಸರು, ಸಂಖ್ಯೆ, ಮನೆ ಯಜಮಾನರ ಸಹಿ ಹಾಕಿ ಒಂದು ತಿದ್ದುಪಡಿ ಕೊಡು. ಎರಡು ದಿನದಲ್ಲಿ ತರಿಸುತ್ತೇನೆ."

ನಿಖಿತಾ ತಿದ್ದುಪಡಿಯ ಕಾಗದ ಬರೆದು ಮಾವನ ಎದುರು ಇಟ್ಟಳು. ಮಾವ ಓದಿದರು. ಎರಡು ಸಲ ಓದಿದರು.

"ಪಂಚಾಯತಿಯಲ್ಲಿ ನಮ್ಮ ವಿಷಯ ಬರುವುದು ತಿಂಗಳ ಕೊನೆಗೆ. ಅದು ಮುಗಿಯಲಿ. ಮರುದಿನವೇ ಸಹಿ ಹಾಕಿ ಕೊಡುತ್ತೇನೆ."

"ಅಷ್ಟರವರೆಗೆ ಡೈನಾ ಬಾಯಿಯ ಆಡುಗಳು?"

"ಇಷ್ಟು ವರ್ಷ ಲಸಿಕೆ ಇಲ್ಲದೆ ಬದುಕಲಿಲ್ಲವಾ? ಒಂದು ತಿಂಗಳಲ್ಲಿ ಎಂತ ಆಗುತ್ತದೆ?"

ರಾತ್ರಿಯ ಪಾಳಿ ಮುಗಿಸಿ ಬೆಳಿಗ್ಗೆ ಬಂದ ಪ್ರಖ್ಯಾತನಿಗೂ ಅವಳು ಹೇಳಿ ನೋಡಿದಳು. ಅವನು ದೋಸೆ ತಿನ್ನುತ್ತಾ ಕೇಳಿದ. "ತಿದ್ದುಪಡಿ ಕೊಟ್ಟರೆ ಮೊದಲು ಕೇಳುವುದು ಯಾರನ್ನು? ನಿನ್ನನ್ನು. ಸ್ವಂತ ಮನೆಯ ಲೆಕ್ಕವನ್ನೇ ತಪ್ಪು ಬರೆದಳು ಅಂತ ಕೆಲಸದಿಂದ ತೆಗೆಯುತ್ತಾರೆ. ಅದು ಬೇಕಾ?"

"ಬೇಡ. ಆದರೆ ಬರೆದದ್ದು ನಾನೇ ಅಲ್ವಾ?"

"ಒಂದು ತಿಂಗಳು ಸುಮ್ಮನಿರು."

ಅವಳಿಗೆ ಉಳಿದ ಭರವಸೆ ಅತ್ತೆ ಮಾತ್ರ. ಅತ್ತೆ ಹಟ್ಟಿಯ ಒಳಗೆ ಕೂತು ಒಂದು ಮರಿಯ ಗೊರಸಿಗೆ ಮದ್ದು ಹಚ್ಚುತ್ತಿದ್ದರು. ಎಲ್ಲ ಕೇಳಿ ಮರಿಯ ಬೆನ್ನು ಸವರಿದರು.

"ಪಂಚಾಯತಿಯವರು ಹಟ್ಟಿ ತೆಗೆಯಿರಿ ಅಂದರೆ ಇವನ್ನೆಲ್ಲ ನಾನು ಎಲ್ಲಿ ಕಟ್ಟಲಿ, ಮಗಾ? ತಿಂಗಳ ಕೊನೆಯವರೆಗೆ ನೋಡುವ."

ಹೀಗೆ ಅತ್ತೆಯೂ ಹೂಂ ಅಂದರು. ಕಾಗದ ದೇವರ ಫೋಟೋದ ಹಿಂದೆ ಹೋಯಿತು.

ಅದಾದ ಹನ್ನೆರಡನೆಯ ದಿನ, ಘಟ್ಟದ ಮೇಲಿಂದ ಮಾರಾಟಕ್ಕೆ ತಂದ ಆಡುಗಳ ಒಂದು ಹಿಂಡನ್ನು ಪದವಿನಲ್ಲಿ ಎರಡು ದಿನ ಮೇಯಲು ಬಿಟ್ಟಿದ್ದರು. ಅವುಗಳಲ್ಲಿ ಕೆಲವಕ್ಕೆ ಮೂಗು ಸೋರುತ್ತಿತ್ತು ಎಂದು ಆಮೇಲೆ ಎಲ್ಲರೂ ನೆನಪಿಸಿಕೊಂಡರು. ಅವು ಹೋದ ಐದನೆಯ ದಿನ ಡೈನಾ ಬಾಯಿ ಫ್ಯಾಕ್ಟರಿಗೆ ಹೋಗದೆ ನಿಖಿತಾಳನ್ನು ಹುಡುಕಿಕೊಂಡು ಬಂದರು.

"ಮೂರು ಆಡು ನಿನ್ನೆಯಿಂದ ಸೊಪ್ಪು ಮುಟ್ಟುವುದಿಲ್ಲ. ಭೇದಿ ಉಂಟು. ಸ್ವಲ್ಪ ಬಂದು ನೋಡುತ್ತೀಯಾ?"

ಹಟ್ಟಿಯ ಬಾಗಿಲಲ್ಲೇ ನಿಖಿತಾಳಿಗೆ ಗೊತ್ತಾಯಿತು. ಆಡುಗಳು ತಲೆ ತಗ್ಗಿಸಿ ನಿಂತಿದ್ದವು. ಮೂಗಿನಿಂದ ಹಳದಿ ಸಿಂಬಳ, ಕಣ್ಣಲ್ಲಿ ಪಿಸುರು. ಒಂದರ ಬಾಯಿ ತೆರೆದು ನೋಡಿದರೆ ತುಟಿಯ ಒಳಗೆಲ್ಲ ಹುಣ್ಣು. ಅವಳು ಅಲ್ಲಿಂದಲೇ ಆಸ್ಪತ್ರೆಗೆ ಫೋನ್ ಮಾಡಿದಳು. ಪಶುವೈದ್ಯೆ ಡಾಕ್ಟರ್ ಸೆಲೀನ್ ಅರ್ಧ ಗಂಟೆಯಲ್ಲಿ ಬಂದರು. ಚುಚ್ಚುಮದ್ದು ಕೊಟ್ಟರು, ಗ್ಲೂಕೋಸ್ ಏರಿಸಿದರು, ಬಾಯಿ ತೊಳೆಯಲು ನೇರಳೆ ಬಣ್ಣದ ನೀರು ಮಾಡಿಕೊಟ್ಟರು.

"ಪ್ಲೇಗಿನ ಹಾಗೆಯೇ ಕಾಣುತ್ತದೆ," ಎಂದರು. "ಬಂದ ಮೇಲೆ ಇದಕ್ಕೆ ಮದ್ದಿಲ್ಲ. ನಾವು ಮಾಡುವುದೆಲ್ಲ ಅದಕ್ಕೆ ತಡೆದುಕೊಳ್ಳುವ ಶಕ್ತಿ ಕೊಡುವುದು ಮಾತ್ರ. ಗಂಜಿಯ ತಿಳಿ ಕುಡಿಸುತ್ತಾ ಇರಿ."

ಆ ವಾರ ಪೂರ್ತಿ ಅತ್ತೆ ದಿನಕ್ಕೆ ಎರಡು ಸಲ ದೊಡ್ಡ ಪಾತ್ರೆಯಲ್ಲಿ ಗಂಜಿಯ ತಿಳಿ ಹೊತ್ತುಕೊಂಡು ಡೈನಾ ಬಾಯಿಯ ಮನೆಗೆ ಹೋದರು. ಸ್ವಂತ ಆಡುಗಳನ್ನು ಪದವಿಗೆ ಬಿಡುವುದನ್ನೂ ಮರೆತರು. ಬಿದಿರಿನ ಓಟೆಯ ಕೊಳವೆಯಲ್ಲಿ ತಿಳಿ ತುಂಬಿ, ಆಡಿನ ಬಾಯಿ ಬಿಡಿಸಿ, ಗುಟುಕು ಗುಟುಕಾಗಿ ಇಳಿಸುತ್ತಿದ್ದರು. ಮೊದಲ ದಿನ ಒಂದು ಸತ್ತಿತು. ಮರುದಿನ ಎರಡು. ಗಬ್ಬದ ಆಡು ದಿನ ತುಂಬುವ ಮೊದಲೇ ಕಂದು ಹಾಕಿ ಸತ್ತಿತು.

"ಕುಶಲಕ್ಕ, ಸ್ವಂತ ಅಕ್ಕ ಇದ್ದರೂ ಇಷ್ಟು ಮಾಡುತ್ತಿರಲಿಲ್ಲ," ಎಂದು ಡೈನಾ ಬಾಯಿ ಕಣ್ಣೊರೆಸಿಕೊಂಡರು. "ನಿಮ್ಮದಕ್ಕೆ ಚುಚ್ಚಿಸಿಕೊಂಡದ್ದು ಒಳ್ಳೆಯದಾಯಿತು. ಇಲ್ಲದಿದ್ದರೆ ನಿಮ್ಮದೂ ಹೋಗುತ್ತಿತ್ತು."

ಅತ್ತೆ ಓಟೆಯನ್ನು ತೊಳೆಯುತ್ತಿದ್ದರು. ತೊಳೆದಾದ ಮೇಲೂ ತೊಳೆಯುತ್ತಲೇ ಇದ್ದರು. ನಿಖಿತಾ ಅಂಗಳಕ್ಕೆ ಹೋಗಿ ನಿಂತಳು.

ಏಳನೆಯದು ಸತ್ತ ದಿನ ಬೆಳಿಗ್ಗೆ ಡಾಕ್ಟರ್ ಸೆಲೀನ್ ಪರಿಹಾರದ ಅರ್ಜಿ ಹಿಡಿದುಕೊಂಡು ಬಂದರು. ಸತ್ತ ಆಡಿಗೆ ಸರ್ಕಾರದಿಂದ ಸ್ವಲ್ಪ ಸಿಗುತ್ತದೆ, ಸಾಕಿದ್ದಕ್ಕೆ ದಾಖಲೆ ಇರಬೇಕು ಎಂದರು. ಡೈನಾ ಬಾಯಿ ಹೆದರಿದರು. "ನನ್ನಲ್ಲಿ ಕಾಗದ ಎಂತ ಉಂಟು ಡಾಕ್ಟ್ರೇ?"

"ಗಣತಿಯಲ್ಲಿ ನಿಮ್ಮ ಹೆಸರಿನಲ್ಲಿ ಒಂಬತ್ತು ಆಡು ಅಂತ ಉಂಟು. ಅದೇ ಸಾಕು." ಡಾಕ್ಟರು ಜಗಲಿಯಲ್ಲಿ ಕೂತು ಬರೆಯತೊಡಗಿದರು. ಬರೆಯುತ್ತಾ ಪೆನ್ನು ನಿಲ್ಲಿಸಿದರು. "ಇಲ್ಲಿ ಒಂದು ಪ್ರಶ್ನೆ ಉಂಟು. ಲಸಿಕೆ ಹಾಕಿಸಿದ್ದೀರಾ, ಇಲ್ಲದಿದ್ದರೆ ಯಾಕೆ. ಎಂತ ಬರೆಯಲಿ? ಇವರು ಶಿಬಿರಕ್ಕೆ ಬಂದಿದ್ದರಲ್ಲ ನಿಖಿತಾ?"

"ನಾನೇ ತಡವಾಗಿ ಬಂದದ್ದು," ಎಂದರು ಡೈನಾ ಬಾಯಿ. "ಹಾಗೇ ಬರೆಯಿರಿ."

ಅಂಗಳದ ಮೂಲೆಯಲ್ಲಿ ಸತ್ತ ಆಡನ್ನು ಗೋಣಿಯಿಂದ ಮುಚ್ಚಿದ್ದರು. ಉಳಿದ ಎರಡು ಆಡುಗಳು ಹಟ್ಟಿಯಿಂದ ಕೂಗುತ್ತಿದ್ದವು.

"ಹಾಗೆ ಬರೆಯಬೇಡಿ ಡಾಕ್ಟ್ರೇ," ಎಂದಳು ನಿಖಿತಾ. "ನಮ್ಮ ಮನೆಯಲ್ಲಿ ಇಪ್ಪತ್ತೇಳು ಆಡು. ನಾನು ನಾಲ್ಕು ಅಂತ ಬರೆದೆ. ಲಸಿಕೆ ಬಂದದ್ದು ಅಷ್ಟಕ್ಕೇ. ಇವರ ಪಾಲಿನದು ನಮ್ಮ ಆಡುಗಳಿಗೆ ಹೋಯಿತು. ಉಮಾನಾಥ ಸರ್ ಕೇಳಿದಾಗಲೂ ಸುಳ್ಳು ಹೇಳಿದೆ. ತಿದ್ದುಪಡಿ ಬರೆದು ಮನೆಯಲ್ಲಿ ಇಟ್ಟುಕೊಂಡಿದ್ದೇನೆ."

ಡಾಕ್ಟರು ಪೆನ್ನಿನ ಮುಚ್ಚಳ ಹಾಕಿದರು. ಡೈನಾ ಬಾಯಿ ಅವಳನ್ನು ನೋಡಲಿಲ್ಲ. ಗಂಜಿಯ ಪಾತ್ರೆ ಹಿಡಿದು ಹಟ್ಟಿಯ ಬಾಗಿಲಲ್ಲಿ ನಿಂತಿದ್ದ ಅತ್ತೆಯ ಕಡೆಗೆ ತಿರುಗಿದರು.

"ಕುಶಲಕ್ಕ, ನಿಮಗೆ ಗೊತ್ತಿತ್ತಾ?"

"ಗೊತ್ತಿತ್ತು."

"ಯಾವಾಗಿನಿಂದ?"

"ಶಿಬಿರದ ದಿನದಿಂದ."

"ಮತ್ತೆ ಈ ಗಂಜಿ ಯಾಕೆ ತಂದಿರಿ?"

ಅತ್ತೆ ಪಾತ್ರೆಯ ಅಂಚನ್ನು ಸೆರಗಿನಿಂದ ಒರೆಸಿದರು. 

"ಇನ್ನು ತರಬೇಡಿ," ಎಂದರು ಡೈನಾ ಬಾಯಿ. ಗಟ್ಟಿಯಾಗಿ ಹೇಳಲಿಲ್ಲ. ಅತ್ತೆಯ ಕೈಯಿಂದ ಪಾತ್ರೆ ತೆಗೆದುಕೊಂಡು, ಇದ್ದ ಗಂಜಿಯನ್ನು ತನ್ನ ಪಾತ್ರೆಗೆ ಸುರಿದುಕೊಂಡು, ಖಾಲಿ ಪಾತ್ರೆಯನ್ನು ತೊಳೆದು ವಾಪಸು ಕೊಟ್ಟರು.

ಮನೆಗೆ ಬಂದು ನಿಖಿತಾ ಮಾವನಿಗೆ ನಡೆದದ್ದನ್ನೆಲ್ಲ ತಾನೇ ಹೇಳಿದಳು. ಮಾವನ ಮುಖ ಕೆಂಪಾಯಿತು.

"ಯಾರನ್ನು ಕೇಳಿ ಹೇಳಿದೆ? ಈ ಮನೆಯ ಮಾನ ನಿನಗೆ ಅಷ್ಟು ಹಗುರವಾ?"

"ಅವಳ ಮೇಲೆ ಹಾರಬೇಡಿ," ಎಂದರು ಅತ್ತೆ.

"ನೀನು ಮಧ್ಯೆ ಬರಬೇಡ."

"ಮಧ್ಯೆಯೇ ಇದ್ದೇನೆ. ನೀವು ಹೇಳಿದ್ದಕ್ಕೆ ನಾನೂ ಹೂಂ ಅಂದೆ. ಹಟ್ಟಿ ಹೋಗುತ್ತದೆ ಅಂತ ಹೆದರಿ ಹೂಂ ಅಂದೆ. ಏಳು ಆಡು ನನ್ನ ಕೈಯಲ್ಲೇ ಕತ್ತು ಬಿಟ್ಟವು." ಅತ್ತೆ ದೇವರ ಫೋಟೋದ ಹಿಂದಿನಿಂದ ಕಾಗದ ತೆಗೆದರು. "ಇದಕ್ಕೆ ನಿಮ್ಮ ಸಹಿ ಬೇಡ. ನಿಖಿತಾ, ಯಜಮಾನರ ಹೆಸರು ಹೊಡೆದು ಹಾಕು. ನನ್ನ ಹೆಸರು ಬರಿ."

"ಜಾಗ ನನ್ನದು."

"ಜಾಗವನ್ನು ಯಾರೂ ಎಣಿಸುತ್ತಿಲ್ಲ."

ಅಷ್ಟರಲ್ಲಿ ಕೆಲಸ ಮುಗಿಸಿ ಬಂದಿದ್ದ ಪ್ರಖ್ಯಾತ್ ಚೀಲ ಹೆಗಲಲ್ಲಿ ಇಟ್ಟುಕೊಂಡೇ ಬಾಗಿಲಲ್ಲಿ ನಿಂತಿದ್ದ. ಅಪ್ಪ ಅವನ ಕಡೆ ನೋಡಿದರು. ಅವನು ಏನೋ ಹೇಳುತ್ತಾನೆ ಎಂದು ನಿಖಿತಾಳೂ ಕಾದಳು. ಅವನು ಚೀಲ ಇಳಿಸಿ, ಜೇಬಿನಿಂದ ಪೆನ್ನು ತೆಗೆದು ಅಮ್ಮನಿಗೆ ಕೊಟ್ಟ. ಕುಶಲಾ ಎಂದು ಅತ್ತೆ ಒಂದೊಂದೇ ಅಕ್ಷರ ಒತ್ತಿ ಬರೆದರು.

ಮರುದಿನ ಉಮಾನಾಥ ಬಂದು ಹಟ್ಟಿಯಲ್ಲಿ ನಿಂತು ಒಂದೊಂದನ್ನೂ ಎಣಿಸಿದರು. ಮಾವ ಕೋಣೆಯ ಬಾಗಿಲು ಹಾಕಿಕೊಂಡಿದ್ದರು. ಲೆಕ್ಕ ಮುಗಿದ ಮೇಲೆ ಉಮಾನಾಥ ನಿಖಿತಾಳನ್ನು ಬದಿಗೆ ಕರೆದರು. "ಗಣತಿಯ ಕೆಲಸದಿಂದ ನಿನ್ನನ್ನು ತೆಗೆಯದೆ ನನಗೆ ಬೇರೆ ದಾರಿ ಇಲ್ಲ. ಪಶುಸಖಿಯ ವಿಷಯ ಡಾಕ್ಟರು ನೋಡುತ್ತಾರೆ. ಮೊದಲ ದಿನವೇ ಹೇಳಿದ್ದರೆ ಒಂದು ಫೋನಿನಲ್ಲಿ ಮುಗಿಯುತ್ತಿತ್ತು ಮಾರಾಯ್ತಿ." ಅವಳು ತಲೆ ಆಡಿಸಿದಳು. ಓಲೆ ಹಾಕುವ ಇಕ್ಕಳವನ್ನೂ ಉಳಿದ ಓಲೆಗಳನ್ನೂ ಅವರಿಗೆ ಒಪ್ಪಿಸಿದಳು. ಎರಡು ದಿನದಲ್ಲಿ ಹೊಸ ಬಾಟಲಿಗಳು ಬಂದವು. ಸುತ್ತಲಿನ ಊರುಗಳ ಆಡುಗಳಿಗೆಲ್ಲ ಲಸಿಕೆಯಾಯಿತು. ಆಚೆ ಊರಿಗೆ ರೋಗ ದಾಟಲಿಲ್ಲ.

ತಿಂಗಳ ಕೊನೆಗೆ ಪಂಚಾಯತಿಯವರು ಬಂದರು. ಅತ್ತೆಯೇ ಎದುರು ನಿಂತು ಇಪ್ಪತ್ತೇಳು ಎಂದರು. ಸದಸ್ಯರು ಟೇಪು ಹಿಡಿದು ಬಾವಿಯಿಂದ ಹಟ್ಟಿಗೆ ಅಳೆದರು. ಹಟ್ಟಿಯನ್ನು ಜಾಗದ ಇನ್ನೊಂದು ತುದಿಗೆ ಸರಿಸಬೇಕು, ಗೊಬ್ಬರದ ಗುಂಡಿಗೆ ಮುಚ್ಚಳ ಬೇಕು ಎಂದು ಬರೆದುಕೊಟ್ಟು ಹೋದರು. ಆಡು ಕಮ್ಮಿ ಮಾಡಿ ಎಂದು ಯಾರೂ ಹೇಳಲಿಲ್ಲ. ಮಾವ ಜಗಲಿಯಲ್ಲಿ ಕೂತು ಆ ಕಾಗದವನ್ನು ಕೊನೆಯವರೆಗೆ ಓದಿದರು.

ಮರುದಿನ ಬೆಳಿಗ್ಗೆ ಅತ್ತೆ ಹಾರೆ ಹುಡುಕುವಾಗ ಅದು ಇಟ್ಟಲ್ಲಿ ಇರಲಿಲ್ಲ. ಮಾವ ಆಗಲೇ ತುದಿಯ ಮುರಕಲ್ಲಿನಲ್ಲಿ ಕಂಬದ ಗುಂಡಿ ತೋಡುತ್ತಿದ್ದರು.  ನಿಖಿತಾ ಗಂಜಿಯನ್ನೂ ಒಣಮೀನಿನ ಚಟ್ನಿಯನ್ನೂ ಅಲ್ಲಿಗೇ ಕೊಂಡುಹೋಗಿ ಇಟ್ಟಳು. ಒಂದು ವಾರ ಹೀಗೇ ನಡೆಯಿತು. ಮಾವ ಮತ್ತು ಅತ್ತೆಯ ಮಧ್ಯೆ, ಹಗ್ಗ ಕೊಡು, ಸೋಗೆ ಹಿಡಿ ಎಂಬುದರಾಚೆ ಮಾತಿರಲಿಲ್ಲ.

ಹೊಸ ಹಟ್ಟಿಯ ಸೂರಿಗೆ ಅಡಿಕೆಯ ಸೋಗೆ ಕಟ್ಟುತ್ತಿದ್ದ ದಿನ ಡೈನಾ ಬಾಯಿ ಬಂದರು. ಫ್ಯಾಕ್ಟರಿಗೆ ಹೊರಟ ಉಡುಪು, ಕೈಯಲ್ಲಿ ಊಟದ ಡಬ್ಬಿ. ಆ ದಿನದ ನಂತರ ಈ ಮನೆಯ ಅಂಗಳಕ್ಕೆ ಕಾಲಿಟ್ಟದ್ದು ಅದೇ ಮೊದಲು. ಹಲಸಿನ ಸೊಪ್ಪು ಕಡಿಯುತ್ತಿದ್ದ ಅತ್ತೆ ಕತ್ತಿ ಕೆಳಗಿಟ್ಟು ಎದ್ದರು. ಡೈನಾ ಬಾಯಿ ಅವರನ್ನು ದಾಟಿ ಮಾವನ ಹತ್ತಿರ ಹೋದರು.

"ಭೋಜಣ್ಣ, ನಿಮ್ಮಲ್ಲಿ ಆಡು ಎಷ್ಟು ಉಂಟು?"

ಮಾವ ಏಣಿಯಿಂದ ಇಳಿದರು. ಅತ್ತೆಯ ಕಡೆ ನೋಡಿದರು. ಅತ್ತೆ ಸಹಾಯಕ್ಕೆ ಬರಲಿಲ್ಲ.  ಎರಡು ದಿನದ ಹಿಂದೆ ಒಂದು ಆಡು ಅವಳಿ ಮರಿ ಹಾಕಿತ್ತು. ಮಾವನಿಗೆ ಅದು ಗೊತ್ತಿತ್ತೋ ಇಲ್ಲವೋ ನಿಖಿತಾಳಿಗೆ ಗೊತ್ತಿರಲಿಲ್ಲ.

ಮಾವ ಕೈಯ ಮಣ್ಣನ್ನು ಲುಂಗಿಗೆ ಒರೆಸಿಕೊಂಡು ಆಡುಗಳ ನಡುವೆ ಹೋಗಿ ನಿಂತರು. ಬೆರಳು ತೋರಿಸಿ ಒಂದರಿಂದ ಎಣಿಸತೊಡಗಿದರು. ಹದಿಮೂರಕ್ಕೆ ಒಂದು ಮರಿ ಕಾಲಡಿಯಿಂದ ನುಗ್ಗಿ ಲೆಕ್ಕ ತಪ್ಪಿತು. ಮತ್ತೆ ಮೊದಲಿನಿಂದ, ಕೇಳುವ ಹಾಗೆ ಗಟ್ಟಿಯಾಗಿ ಎಣಿಸಿದರು. ಡೈನಾ ಬಾಯಿ ಬಸ್ಸಿನ ಹೊತ್ತಾದರೂ ಕದಲದೆ ನಿಂತು ಕಾದರು.

"ಇಪ್ಪತ್ತೊಂಬತ್ತು," ಎಂದರು ಮಾವ.

"ನನ್ನಲ್ಲಿ ಎರಡು," ಎಂದು ಹೇಳಿ ಡೈನಾ ಬಾಯಿ ರಸ್ತೆಯ ಕಡೆಗೆ ನಡೆದರು.